ಬಾಗಿಲಿಂದ ಕರೆಯುವ ಹಾಡು

ನವೆಂಬರ್ ೧೪, ೨೦೨೪, ಗುರುವಾರ

ಹುಡುಗಿ ಬಂದಿಳಿದಳು. ಹೆಸರು ಸನ್ನಾ. ನಾರ್ವೆ ದೇಶದ ಉತ್ತರದ ತುದಿಯವಳು. ಅಪ್ಪ ಅಲ್ಲಿ ಹಿಮಸಾರಂಗ ಸಾಕುತ್ತಾನಂತೆ. ಮೈಸೂರಿನಲ್ಲಿ ನಾಲ್ಕು ತಿಂಗಳು ಕನ್ನಡ ಕಲಿತಿದ್ದಾಳೆ. ಇನ್ನು ಮೂರು ತಿಂಗಳು ನಮ್ಮ ಜಾವಳಿಯ ಮನೆಯಲ್ಲಿದ್ದು, ಗಿರಿಜನರು ಹಾಡು ಹೇಳಿ ಕಾಯಿಲೆ ವಾಸಿ ಮಾಡುವುದರ ಬಗ್ಗೆ ಓದುತ್ತಾಳಂತೆ. ಎಲ್ಲ ನನ್ನ ಮಗಳು ಇಂಚರಾಳ ಏರ್ಪಾಡು. ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳುವ ಮಹರಾಯ್ತಿಗೆ ಅಮ್ಮನ ಮನೆ ಅಂದರೆ ಛತ್ರ. "ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಸಂಗೀತ ಕಲಿಸಿದೀಯ, ಅವಳ ಜೊತೆ ಹೋಗಿ ಮಾತು ಬಿಡಿಸಿ ಹೇಳಮ್ಮ, ನಿನಗೂ ಹೊತ್ತು ಹೋಗುತ್ತೆ" ಅಂದಳು.

ನನಗೆ ಹೊತ್ತು ಹೋಗದೆ ಏನಾಗಿದೆ? ಥೈರಾಯ್ಡ್ ಆಪರೇಷನ್ ಆಗಿ ಎರಡು ವರ್ಷ. ಮಾತಿಗೆ ತೊಂದರೆಯಿಲ್ಲ, ಹಾಡು ಮಾತ್ರ ಇನ್ನು ಬರಲಿಕ್ಕಿಲ್ಲ ಅಂದರು ಡಾಕ್ಟರು. ತಂಬೂರಿಗೆ ಗವಸು ಹಾಕಿಟ್ಟೆ. ಸುಮ್ಮನಿರಲಾರದೆ ಈ ದಿನಚರಿ ಬರೆಯುವ ಚಟ ಹತ್ತಿತು. ಅಷ್ಟೇ.

ಇವರಿಗೆ ಮಾತ್ರ ಹಬ್ಬ. ಅಕ್ಕಿರೊಟ್ಟಿ ತಾವೇ ತಟ್ಟಿದರು. ಹುಡುಗಿ ಐದು ತಿಂದಳು. "ಶಂಭು ಅಂಕಲ್, ಇನ್ನೊಂದು ಕೊಡಿ" ಅಂದದ್ದೇ ಇವರ ಮುಖ ಊರಗಲ ಆಯಿತು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ನನಗೆ ಒಂದು ದಿನ ರೊಟ್ಟಿ ತಟ್ಟಿಕೊಟ್ಟವರಲ್ಲ.

ನವೆಂಬರ್ ೧೭, ಭಾನುವಾರ

ಮುದ್ದಮ್ಮನ ಮನೆಗೆ ಹೋಗಿ ಬಂದೆವು. ಗಿರಿಜನ ಕಾಲೋನಿಯ ಕೊನೆಯ ಮನೆ, ಎಸ್ಟೇಟಿನ ಬೇಲಿಗೆ ತಾಗಿಕೊಂಡಿದೆ. ಎಪ್ಪತ್ತು ದಾಟಿದ ಹೆಂಗಸು. ಕಾಮಾಲೆಗೆ ಸೊಪ್ಪು ಅರೆದು ಕೊಡುತ್ತಾಳೆ, ಉಳುಕು ತೆಗೆಯುತ್ತಾಳೆ, ಹೆದರಿಕೊಂಡವರಿಗೆ ಹಾಡು ಹೇಳಿ ಬೆದರು ಇಳಿಸುತ್ತಾಳೆ. ಸನ್ನಾಗೆ ಬೇಕಾದ್ದು ಆ ಹಾಡು.

ನಾನು ತಯಾರಾಗಿಯೇ ಹೋಗಿದ್ದೆ. ಚಾಪೆಯ ಮೇಲೆ ಮೊಬೈಲಿಟ್ಟು ಶ್ರುತಿ ಹಾಕಿ, "ಇದಕ್ಕೆ ಸರಿಯಾಗಿ ಹಾಡಬೇಕು" ಅಂದೆ. ಮುದ್ದಮ್ಮ ಮಾಡಿನ ಕಡೆ ಕತ್ತೆತ್ತಿ ನೋಡಿದಳು. "ಎಲ್ಲೋ ಜೇನು ಎದ್ದದೆ, ಹೊರಗೆ ನಡೀರಿ" ಅಂದು ಸೆರಗು ತಲೆಗೆ ಹೊದ್ದು ಎದ್ದೇ ಹೋದಳು. ಅದು ಮೊಬೈಲು ಅಂತ ನಾನು ತಿಳಿಸಿ ಹೇಳುವಷ್ಟರಲ್ಲಿ ಪಕ್ಕದ ಮನೆಯವರೂ ಅಂಗಳಕ್ಕೆ ಬಂದಿದ್ದರು. ಸನ್ನಾ ನಕ್ಕದ್ದು ನನಗೆ ಹಿಡಿಸಲಿಲ್ಲ.

ಹಾಡು ಸಿಗಲಿಲ್ಲ. ಹೆದರಿದವರು ಎದುರಿಗಿಲ್ಲದೆ ಅದನ್ನು ಹಾಡುವ ಹಾಗಿಲ್ಲವಂತೆ. ಮೇಲಾಗಿ ಅದು ಒಬ್ಬರೇ ಹಾಡುವುದಲ್ಲ. ಮುದ್ದಮ್ಮ ಒಂದು ಸಾಲು ಹೇಳಿದರೆ, ಹೆದರಿದವರ ಮನೆಯ ಹೆಂಗಸು ಸೊಲ್ಲು ಹಿಡಿಯಬೇಕು. ಅಂದರೆ ಪ್ರತಿ ಸಾಲಿನ ಕೊನೆಗೂ ಅದೇ ಒಂದು ಮಾತನ್ನು ತಿರುಗಿ ಹಾಡಬೇಕು.

"ಹೆದ್ರಿದಾಗ ಮೈಯೊಂದೇ ಮನೆಗೆ ಬರೋದು ಅಮ್ಮಾ, ಮನಸ್ಸು ಅಲ್ಲೇ ಬಿದ್ದಿರ್ತದೆ. ದಾರಿ ಹೇಳೋದು ನಾನು. ಎದ್ದು ಬರೋದು ಮನೆಯೋರ ದನಿಗೆ. ನನ್ ದನಿಗೆ ಯಾಕೆ ಬತ್ತದೆ?" ಅಂದಳು.

ಗಂಡನ ಜೊತೆ ಅದೇ ಮನೆಯಲ್ಲಿರುವ ಮುದ್ದಮ್ಮನ ಮಗಳು ಯಶೋದಾ ಕಾಫಿ ತಂದಿಟ್ಟಳು. "ಚೆನ್ನಾಗಿದೀರಾ ಟೀಚರ್?" ಅಂದಳು. ನನ್ನ ಹಳೇ ಸ್ಟೂಡೆಂಟಂತೆ. ಎಷ್ಟೋ ಬ್ಯಾಚು ಬಂದು ಹೋದವು, ನೆನಪಾಗಲಿಲ್ಲ. ಗಂಟಲಿಗೆ ಬಿಸಿನೀರೇ ಆಗಬೇಕು ಅಂತ ಹೇಳಿ ನಾನು ನನ್ನ ಫ್ಲಾಸ್ಕಿನದು ಕುಡಿದೆ. ಸನ್ನಾ ಎರಡು ಲೋಟ ಕಾಫಿ ಕುಡಿದಳು.

ನವೆಂಬರ್ ೨೭, ಬುಧವಾರ

ಹೋದ ಸಲ ಮುದ್ದಮ್ಮ ಮೆಣಸು ಬಿಡಿಸುತ್ತ ಏನೋ ಗುನುಗಿದ್ದನ್ನು ಕಿವಿಯಲ್ಲಿ ಹಿಡಿದುಕೊಂಡು ಬಂದಿದ್ದೆ. ಎರಡು ದಿನ ಕೂತು ಅದಕ್ಕೆ ಸ್ವರ ಹಾಕಿದೆ. ಮೂರೂವರೆ ಸ್ವರದ ಹಾಡು. ಗಾಂಧಾರ ಒಂದು ಕಡೆ ಜಾರುತ್ತಿತ್ತು, ಅದನ್ನೂ ನೆಟ್ಟಗೆ ಮಾಡಿದೆ. ಇವತ್ತು ಓದಿ ತೋರಿಸಿದರೆ ಮುದ್ದಮ್ಮ ಕೇಳುವುದೇನು? "ಇದು ಯಾರ ಮನೆ ದಾರಿ ಅಮ್ಮಾ?"

ಹೆದರಿದ ಜಾಗದಿಂದ ಮನೆಬಾಗಿಲ ತನಕ ಸಿಗುವುದನ್ನೆಲ್ಲ ಒಂದೊಂದಾಗಿ ಹೆಸರು ಹೇಳಿ ಕರೆಯುವುದೇ ಹಾಡಂತೆ. ಸಂಕ, ಮರ, ತಿರುವು, ಬೇಲಿ. ದಾರಿ ಬೇರೆಯಾದರೆ ಹಾಡೂ ಬೇರೆ. ಬರೆದಿಟ್ಟುಕೊಂಡು ಏನು ಮಾಡುತ್ತೀರಿ ಅಂದಳು.

ಇಷ್ಟು ವರ್ಷದಲ್ಲಿ ನನ್ನ ನೋಟ್ಸಿಗೆ ಹೀಗೆ ಅಂದವರಿಲ್ಲ. ಸನ್ನಾ ಮಾತ್ರ ತನ್ನ ಪುಸ್ತಕದಲ್ಲಿ ಪುಟಗಟ್ಟಲೆ ಬರೆದುಕೊಂಡಳು.

ಡಿಸೆಂಬರ್ ೫, ಗುರುವಾರ

ಕಾಫಿ ಹಣ್ಣಿನ ಕೊಯ್ಲು ಶುರುವಾಗಿ ಇವರು ಕೈಗೆ ಸಿಗುವುದಿಲ್ಲ. ಸನ್ನಾ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತ ಅವಳ ಅಜ್ಜಿಯ ಕತೆ ಹೇಳಿದಳು. ಅವಳದೂ ಅಲ್ಲಿಯ ಒಂದು ಬುಡಕಟ್ಟಂತೆ, ಅವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹಾಡು ಕಟ್ಟುತ್ತಾರಂತೆ. ಅಜ್ಜಿ ಓದಿದ ಹಾಸ್ಟೆಲ್ ಶಾಲೆಯಲ್ಲಿ ಅದನ್ನು ಬಾಯಿಗೆ ತರುವ ಹಾಗಿರಲಿಲ್ಲ. ಅಜ್ಜಿ ಬಿಟ್ಟದ್ದು ಬಿಟ್ಟೇ ಹೋಯಿತು. ಮೊಮ್ಮಗಳಿಗೂ ಒಂದು ಹಾಡು ಕಟ್ಟಲಿಲ್ಲ, ಹಾಗೇ ತೀರಿಕೊಂಡಳು.

"ಎಂಥಾ ಮೇಷ್ಟ್ರುಗಳಪ್ಪಾ! ನಮ್ಮಲ್ಲಿ ಹಾಗೆಲ್ಲ ಇಲ್ಲ" ಅಂದೆ. ಪಾಪ, ಕಣ್ಣಲ್ಲಿ ನೀರಿತ್ತು. ರಾತ್ರಿಗೆ ಅವಳಿಗಿಷ್ಟ ಅಂತ ಅಕ್ಕಿ ಬೆಲ್ಲದ ಹಾಲುಬಾಯಿ ಮಾಡಿದೆ.

ಡಿಸೆಂಬರ್ ೧೦, ಮಂಗಳವಾರ

ಬೆಳಿಗ್ಗೆ ಯಶೋದಾಳ ಗಂಡನನ್ನು ಆನೆ ಅಟ್ಟಿಸಿಕೊಂಡು ಬಂತು. ಧರ್ಮೇಶ್ ಅಂತ ಅವನ ಹೆಸರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಎಸ್ಟೇಟಿನ ಪಲ್ಪರ್ ಮನೆಯಲ್ಲಿ ಕೆಲಸ. ಬೈಕಿನಲ್ಲಿ ಹೊರಟವನಿಗೆ ತಿರುವಿನಲ್ಲಿ ಎದುರಾಗಿದೆ. ಬೈಕು ಬಿಟ್ಟು ಚರಂಡಿಯಲ್ಲಿ ಮಲಗಿದನಂತೆ. ಆನೆ ಬೈಕನ್ನು ಮೆಟ್ಟಿ, ಅವನ ತಲೆಯ ಹತ್ತಿರವೇ ಬಹಳ ಹೊತ್ತು ನಿಂತಿತ್ತಂತೆ. ಮೈಗೆ ತರಚಿದ ಗಾಯ ಬಿಟ್ಟರೆ ಏನೂ ಆಗಿಲ್ಲ, ದೇವರು ದೊಡ್ಡವನು.

ಡಿಸೆಂಬರ್ ೧೩, ಶುಕ್ರವಾರ

ಏನೂ ಆಗಿಲ್ಲ ಅಂತ ಬರೆದದ್ದು ತಪ್ಪು. ಧರ್ಮೇಶ್ ಮೂರು ದಿನದಿಂದ ಹೊಸಿಲು ದಾಟಿಲ್ಲ. ಜೀಪಿನ ಸದ್ದು ಕೇಳಿದರೆ ಗೋಡೆಗೆ ಅಂಟಿಕೊಳ್ಳುತ್ತಾನೆ. ಅನ್ನ ಕಲಸುತ್ತಾನೆ, ತಿನ್ನುವುದಿಲ್ಲ. ಒಂದು ಮಾತಿಲ್ಲ. ಮೂಡಿಗೆರೆಯ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಮಾತ್ರೆ ತಗೊಂಡರೆ ನಿದ್ದೆ ಮಾಡುತ್ತಾನೆ, ಎದ್ದರೆ ಮತ್ತೆ ಅದೇ.

ಮುದ್ದಮ್ಮ ಮೊರದಲ್ಲಿ ಹಿಡಿ ಭತ್ತ ಹಾಕಿಕೊಂಡು ಬೆರಳಿನಿಂದ ತಟ್ಟುತ್ತ ಅಳಿಯನ ಎದುರು ಕೂತರು. ಮೊದಲ ಸಾಲು ಹೇಳಿ ಮಗಳ ಕಡೆ ನೋಡಿದರು. ಯಶೋದಾ ಬಾಯಿ ತೆರೆದಳು. ದನಿ ಬರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಇನ್ನೊಂದು ಸಲ ಹೇಳಿದರು, ಮತ್ತೆ ಹಾಗೇ. ಮೂರನೇ ಸಲಕ್ಕೆ ಅವಳು ಎದ್ದು ಒಲೆಯ ಹತ್ತಿರ ಹೋಗಿ ನಿಂತಳು. ಮುದ್ದಮ್ಮ ಮೊರ ಕೆಳಗಿಟ್ಟರು.

"ಇವ್ಳು ಹಿಡೀದಿದ್ರೆ ಅವ್ನು ಅಲ್ಲೇ ಚರಂಡಿಲಿ ಉಳೀತಾನೆ" ಅಂದರು ನನಗೆ. ಬೇರೆ ಯಾರಾದರೂ ಹಿಡಿದರೆ ಆಗದಾ ಎಂದು ಕೇಳಿದೆ. ಅವನು ಕೈಹಿಡಿದದ್ದು ಇವಳನ್ನಲ್ಲವಾ ಅಂದರು.

ಡಿಸೆಂಬರ್ ೧೪, ಶನಿವಾರ

ಬರೆಯಲೋ ಬೇಡವೋ. ಬರೆಯುತ್ತೇನೆ, ಯಾರು ಓದುತ್ತಾರೆ.

ಇವತ್ತು ಸನ್ನಾ ಯಶೋದಾಳನ್ನು ನೇರವಾಗಿ ಕೇಳಿದಳು, ನೀವು ಯಾಕೆ ಹಾಡುವುದಿಲ್ಲ ಅಂತ. ಯಶೋದಾ ಪಾತ್ರೆ ತೊಳೆಯುತ್ತಿದ್ದವಳು ನಗುನಗುತ್ತಲೇ, ಸಲೀಸಾಗಿ ಹೇಳಿದಳು. ಸಿಟ್ಟಿನ ಸುಳಿವೂ ಇರಲಿಲ್ಲ.

"ನಂಗೆ ಹಾಡೋಕೆ ಬರಲ್ಲ ಅಕ್ಕ. ಎಂಟನೇ ಕ್ಲಾಸಲ್ಲಿ ತಾಲ್ಲೂಕು ಕಾಂಪಿಟೇಷನ್ನಿಗೆ ಗ್ರೂಪ್ ಸಾಂಗ್ ಇತ್ತು. ಎತ್ತರದ ಹುಡ್ಗೀರು ಬೇಕು ಅಂತ ನನ್ನೂ ನಿಲ್ಸಿದ್ರು. ಟೀಚರ್ ಹೇಳಿದ್ರು, ಯಶೋದಾ, ನೀನು ಬಾಯಿ ಆಡಿಸಿದ್ರೆ ಸಾಕು, ದನಿ ಬಿಡ್ಬೇಡ, ನಿಂದು ಕಾಡು ಗಂಟಲು, ಎಲ್ಲರದ್ದೂ ಕೆಡುತ್ತೆ ಅಂತ. ಸರಿಯಾಗೇ ಹೇಳಿದ್ರು. ನಮಗೆ ಫಸ್ಟ್ ಪ್ರೈಜ್ ಬಂತು. ಅವತ್ತಿಂದ ಬಾಯಿ ತೆಗೆದ್ರೆ ಟೀಚರ್ ಕೇಳಿಸ್ಕೊಳ್ತಾರೆ ಅನ್ಸುತ್ತೆ, ಅಷ್ಟೇ."

ಸನ್ನಾಗೆ ಅರ್ಧ ಅರ್ಥವಾಗಿತ್ತು. ಉಳಿದದ್ದಕ್ಕೆ ನನ್ನ ಮುಖ ನೋಡಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಚಿಕ್ಕಂದಿನಲ್ಲಿ ಅವಳಿಗೆ ಗಂಟಲಿನ ತೊಂದರೆ ಇತ್ತಂತೆ.

ಯಶೋದಾಳಿಗೆ ಇಂಗ್ಲಿಷ್ ಬರುತ್ತದೆ. ಹತ್ತನೇ ಕ್ಲಾಸು ಪಾಸಾದವಳು. ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿ, ಪಾತ್ರೆ ತೊಳೆಯುವುದನ್ನು ಮುಂದುವರಿಸಿದಳು.

ಡಿಸೆಂಬರ್ ೧೫, ಭಾನುವಾರ

ಹೋಗಲಿಲ್ಲ. ಮೈ ಸರಿಯಿಲ್ಲ ಅಂದೆ.

ಡಿಸೆಂಬರ್ ೧೭, ಮಂಗಳವಾರ

ಇವರ ಹತ್ತಿರ ಹೇಳಿದೆ. ಹಣ್ಣಿನ ಚೀಲ ಲೆಕ್ಕ ಮಾಡುತ್ತಿದ್ದವರು ನಿಲ್ಲಿಸಿದರು. "ಪ್ರೈಜಿಗೋಸ್ಕರ ಎಲ್ಲಾ ಟೀಚರೂ ಹೀಗೇ ಅಲ್ವಾ?" ಅಂತ ನಾನೇ ಕೇಳಿದೆ, ಹೌದು ಅನ್ನಲಿ ಅಂತ. "ಎಲ್ಲರ ವಿಷಯ ನಂಗೆ ಗೊತ್ತಿಲ್ಲ ಸುಂದರಿ" ಅಂದರು. ಅಷ್ಟೇ. ಬೈದಿದ್ದರೆ ಜಗಳ ಕಾಯಬಹುದಿತ್ತು.

ಎಷ್ಟು ಜನರಿಗೆ ಹೀಗೆ ಹೇಳಿದ್ದೇನೆ ಎಂದು ಯೋಚಿಸಿದೆ. ವರ್ಷಕ್ಕೆ ಇಬ್ಬರು ಮೂವರು ಅಂತ ಇಟ್ಟರೂ! ಅದನ್ನು ಶಿಸ್ತು ಅಂದುಕೊಂಡಿದ್ದೆ. ಯಾರ ಮುಖವೂ ನೆನಪಿಗೆ ಬರುವುದಿಲ್ಲ, ಕಪ್‌ಗಳು ಮಾತ್ರ ಶೋಕೇಸಿನಲ್ಲಿ ಸಾಲಾಗಿ ನಿಂತಿವೆ. ಅವತ್ತು ಸನ್ನಾಳ ಅಜ್ಜಿಯ ಮೇಷ್ಟ್ರುಗಳನ್ನು ಎಷ್ಟು ಧಾರಾಳವಾಗಿ ಬೈದೆ!

ಸಂಜೆ ಸನ್ನಾಳನ್ನು ಕೂರಿಸಿಕೊಂಡು, ಅವತ್ತು ನಾನು ಸುಳ್ಳು ಹೇಳಿದೆ ಅಂತ ಪೂರ್ತಿ ಬಿಡಿಸಿ ಹೇಳಿದೆ. ಅವಳು ತನ್ನ ಪುಸ್ತಕ ಮುಚ್ಚಿಟ್ಟಳು. ನನ್ನ ಜೊತೆ ಮಾತು ಬಿಡುತ್ತಾಳೆ ಅಂದುಕೊಂಡೆ. ಆಮೇಲೆ, "ನನ್ನ ಅಜ್ಜಿಗೆ ಇದನ್ನು ಹೇಳಲು ಯಾರೂ ಬರಲಿಲ್ಲ ಆಂಟಿ" ಅಂದಳು, ಕನ್ನಡದಲ್ಲೇ. ವ್ಯಾಕರಣ ಒಂದಿಷ್ಟೂ ತಪ್ಪಿರಲಿಲ್ಲ.

ಡಿಸೆಂಬರ್ ೧೯, ಗುರುವಾರ

ಯಶೋದಾಳ ಹತ್ತಿರ ಕ್ಷಮೆ ಕೇಳಿದೆ. ಕೇಳಿ ಕೆಲಸ ಕೆಡಿಸಿದೆ. "ಅಯ್ಯೋ ಬಿಡಿ ಟೀಚರ್, ದೊಡ್ಡೋರು ಹಾಗೆಲ್ಲ ಅನ್ಬಾರ್ದು" ಅಂದು ಅವಳೇ ನನ್ನ ಕೈಹಿಡಿದು ಸಮಾಧಾನ ಮಾಡಿದಳು. ಈಗಲಾದರೂ ಹಾಡಮ್ಮ ಅಂದೆ. ಆ ಹುಡುಗಿಯ ಮುಖ ಹಿಂಡಿದ ಹಾಗಾಯಿತು. "ಬರಲ್ಲ ಟೀಚರ್. ಹಟ ಅಲ್ಲ, ನಿಜವಾಗ್ಲೂ ಬರಲ್ಲ." ನನ್ನ ಮನಸ್ಸು ಹಗುರ ಮಾಡಿಕೊಳ್ಳುವುದೂ ಅವಳ ತಲೆಯ ಮೇಲೆಯೇ ಬಿತ್ತು.

ಧರ್ಮೇಶ್ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಹತ್ತು ದಿನಕ್ಕೆ ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿದೆ. ಎಸ್ಟೇಟಿನ ಲೆಕ್ಕ ನೋಡುವ ರೈಟರು ಬಂದು, ಕೊಯ್ಲಿನ ಕಾಲ, ಹೊಸ ವರ್ಷದೊಳಗೆ ಬರದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇವೆ ಅಂದು ಹೋಗಿದ್ದಾನೆ. ಕೆಲಸ ಹೋದರೂ ಹೋಗಲಿ, ಇವನು ಹೀಗೇ ಉಳಿದರೆ ಏನು ಗತಿ ಅಂತ ಯಶೋದಾ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು.

ಮುದ್ದಮ್ಮನವರ ಕಾಫಿಗೆ ಇವತ್ತು ಬೆಲ್ಲ ಜಾಸ್ತಿಯಾಗಿತ್ತು. ಹೇಳಬೇಕು.

ಡಿಸೆಂಬರ್ ೨೨, ಭಾನುವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಬೆಳಿಗ್ಗೆ ಏಳಕ್ಕೇ ನಾನೂ ಸನ್ನಾನೂ ಹೋದೆವು. ಮುದ್ದಮ್ಮನವರಿಗೆ ಹೇಳಿದೆ, ನೀವು ಹಾಡಿ, ಸೊಲ್ಲು ನಾನು ಹಿಡಿಯುತ್ತೇನೆ. "ನಿಮ್ ದನಿಗೆ ಅವ್ನು ಬತ್ತಾನಾ ಅಮ್ಮಾ?" ಅಂದರು. ಬರುವುದಿಲ್ಲ, ಗೊತ್ತು, ಆದರೂ ಹಾಡುತ್ತೇನೆ ಅಂದೆ. ಅವರು ನನ್ನನ್ನೇ ನೋಡಿದರು. ನಾನು ಯಾಕೆ ಹೀಗೆ ಹೇಳಿದೆನೋ ನನಗೇ ತಿಳಿಯದು, ಅವರಿಗೆ ತಿಳಿದ ಹಾಗಿತ್ತು. ಮೊರ ತೆಗೆದುಕೊಂಡರು.

ಧರ್ಮೇಶನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಯಶೋದಾ ಒಲೆಯ ಹತ್ತಿರ, ನಮಗೆ ಬೆನ್ನು ಹಾಕಿ ನಿಂತಿದ್ದಳು. ಮುದ್ದಮ್ಮ ಶುರುಮಾಡಿದರು. ತಿರುವಿನಲ್ಲಿ ಬಿದ್ದೆಯಾ, ಚರಂಡಿಯಲ್ಲಿ ಬಿದ್ದೆಯಾ, ಏಳು ಅಂತ. ನಾನು ಸೊಲ್ಲು ಹಿಡಿದೆ.

"ಬಾ ನನ್ನಯ್ಯ ಬಾ, ಬಾಗ್ಲು ತೆಗ್ದದೆ ಬಾ."

ಎರಡು ವರ್ಷದ ಮೇಲೆ ಬಾಯಿ ಬಿಟ್ಟದ್ದು. ಎಂಥಾ ದನಿ! ತುಕ್ಕು ಹಿಡಿದ ಗೇಟು ಎಳೆದ ಹಾಗಿತ್ತು. ಎರಡನೇ ಸಲ ಮೇಲೆ ಹೋಗುವಾಗ ಒಡೆಯಿತು, ಮೂರನೇ ಸಲ ಪೂರ್ತಿ ಕೈಕೊಟ್ಟು ಬರೀ ಗಾಳಿ ಬಂತು. ಸ್ಕೂಲಿನಲ್ಲಿ ಒಂದು ಶ್ರುತಿ ಆಚೀಚೆಯಾದರೆ ಸ್ಕೇಲಿನಲ್ಲಿ ಮೇಜು ಕುಟ್ಟುತ್ತಿದ್ದವಳು ನಾನು. ನಾಚಿಕೆಯಿಂದ ಕಿವಿ ಸುಟ್ಟವು. ನಿಲ್ಲಿಸಬಾರದು ಅಂತ ನಾಲ್ಕನೇ ಸಲವೂ ಹಾಡಿದೆ.

"ಅಲ್ಲಲ್ಲ ಟೀಚರ್, ಅಲ್ಲಿ ಎಳೀಬೇಡಿ."

ಯಶೋದಾ ಒದ್ದೆ ಕೈಯಲ್ಲೇ ತಿರುಗಿ ನಿಂತಿದ್ದಳು. "ಅಷ್ಟು ಎಳೆದ್ರೆ ಯಾರನ್ನೋ ಕರೆದಂಗಿರುತ್ತೆ. ಹತ್ರದೋರನ್ನ ಕರಿಯೋದು ಹಾಗಲ್ಲ." ಹೇಗೆ ಮತ್ತೆ, ಅಂದೆ. ನಿಜಕ್ಕೂ ತಿಳಿಯದೆಯೇ ಕೇಳಿದೆ. ಅವಳು ತೋರಿಸಿಕೊಟ್ಟಳು. ಮೊದಲು ಬರೀ ಮಾತಿನಲ್ಲಿ, ಆಮೇಲೆ ಮಾತಿಗಿಂತ ಸ್ವಲ್ಪ ಮೇಲೆ. ಮುದ್ದಮ್ಮ ಮಗಳ ಕಡೆ ನೋಡಲೇ ಇಲ್ಲ. ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿಗೆ ಹೋದರು. ಯಶೋದಾ ಬಂದು ಗಂಡನ ಎದುರು ಕುಕ್ಕರುಗಾಲಿನಲ್ಲಿ ಕೂತಳು. ಆ ಸಾಲಿಗೆ ಸೊಲ್ಲು ಅವಳದೇ. ದಪ್ಪ ದನಿ, ಮೂಗಿನಿಂದ ಸ್ವಲ್ಪ, ಎಲ್ಲಿ ಬೇಕೆಂದರಲ್ಲಿ ಜಾರುತ್ತದೆ. ನಾನು ಬಾಯಿ ಮುಚ್ಚಿಕೊಂಡೆ. ನನಗೆ ಕಣ್ಣೀರು ಬಂತು. ಬಂತು ಅಂತ ಬರೆಯಲು ನಾಚಿಕೆಯೇನು.

ಹಾಡು ತಿರುವಿನಿಂದ ಎದ್ದು ಹಲಸಿನ ಮರಕ್ಕೆ ಬಂತು, ಅಲ್ಲಿಂದ ಮೋರಿಗೆ ಬಂತು. ಆಗ ಧರ್ಮೇಶ್ ತುಟಿ ಬಿಚ್ಚಿದ.

"ಮೋರಿ ಮೊದ್ಲು ಅತ್ತೆ. ಆಮೇಲೆ ಹಲಸಿನ ಮರ."

ಹನ್ನೆರಡು ದಿನದ ಮೇಲೆ ಆಡಿದ ಮಾತು. ಮುದ್ದಮ್ಮ ತಡಮಾಡದೆ, "ಹೌದಲ್ಲ ಮಾರಾಯ, ನಂಗೆ ವಯಸ್ಸಾಯ್ತು" ಅಂದು ಹಾಡನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಮೋರಿಯಿಂದ ಮತ್ತೆ ಹೊರಟರು. ಮರ, ಎಸ್ಟೇಟ್ ಗೇಟು, ಕಾಲೋನಿಯ ನಲ್ಲಿ, ಹೊಸಿಲು. ಅವನು ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದ. ಯಶೋದಾ ಒಂದು ಸಾಲನ್ನೂ ಬಿಡಲಿಲ್ಲ.

ಮುಗಿದ ಮೇಲೆ ಸನ್ನಾ ರೆಕಾರ್ಡರು ತೋರಿಸಿ, ಇದನ್ನು ಇಟ್ಟುಕೊಳ್ಳಲಾ, ಅಳಿಸಲಾ ಎಂದು ಕೇಳಿದಳು. ಯಶೋದಾ ಗಂಡನ ಮುಖ ನೋಡಿ, ಅಮ್ಮನ ಮುಖ ನೋಡಿ, "ಇಟ್ಕೊಳ್ಳಿ. ಟೀಚರ್ ಹಾಡಿದ್ದು ಮಾತ್ರ ತೆಗೆದ್ಹಾಕಿ" ಅಂದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕಿರಬೇಕು, ಮನೆಗೆ ಬಂದ ಮೇಲೂ ಪಕ್ಕೆ ನೋಯುತ್ತಿತ್ತು.

ಜನವರಿ ೩, ೨೦೨೫, ಶುಕ್ರವಾರ

ಒಂದೇ ಸಲಕ್ಕೆ ಎಲ್ಲ ಸರಿಹೋಗುವುದು ಕತೆಯಲ್ಲಿ. ಧರ್ಮೇಶ್ ಊಟ ಮಾಡುತ್ತಾನೆ, ಮಾತಾಡುತ್ತಾನೆ, ಆದರೆ ಎಸ್ಟೇಟ್ ಗೇಟು ದಾಟಿ ಹೋಗಲಾರ. ದಿನಾ ಬೆಳಿಗ್ಗೆ ಯಶೋದಾ ಬಾಗಿಲಲ್ಲಿ ನಿಂತು ಕರೆಯುತ್ತಾಳೆ, ಅವನು ಒಂದಿಷ್ಟು ದೂರ ಹೋಗಿ ಆ ದನಿ ಹಿಡಿದುಕೊಂಡು ವಾಪಸು ಬರುತ್ತಾನೆ. ನಿನ್ನೆ ಗೇಟಿನ ತನಕ. ಇವರೇ ರೈಟರ ಹತ್ತಿರ ಮಾತಾಡಿ, ಹದಿನೈದು ದಿನ ಕೆಲಸ ಬೇರೆಯವರಿಗೆ ಕೊಡದಂತೆ ಒಪ್ಪಿಸಿ ಬಂದಿದ್ದಾರೆ. ಮಾತ್ರೆಯನ್ನೂ ಬಿಟ್ಟಿಲ್ಲ, ಬಿಡಬೇಡ ಎಂದು ಮುದ್ದಮ್ಮನವರೇ ಗದರಿದರು.

ಒಗ್ಗರಣೆ ಹಾಕುವಾಗ ನಾನು ಏನೋ ಗುನುಗುತ್ತೇನಂತೆ. ಇವರು ಹೇಳುತ್ತಾರೆ. ಇವರ ಕಿವಿ ಡಾಕ್ಟರಿಗೆ ತೋರಿಸಬೇಕು.

ಜನವರಿ ೧೨, ಭಾನುವಾರ

ಸನ್ನಾ ಇನ್ನೊಂದು ತಿಂಗಳಿಗೆ ಹೊರಡುತ್ತಾಳೆ. ಹೋದ ಮೇಲೆ ಅಜ್ಜಿಗೊಂದು ಹಾಡು ತಾನೇ ಕಟ್ಟುತ್ತೇನೆ ಅಂದಳು. ಶ್ರುತಿ ಗಿತಿ ನೋಡಬೇಡ, ಕಟ್ಟು ಅಂದೆ.

ಇವತ್ತು ಧರ್ಮೇಶ್ ತಿರುವಿನ ತನಕ ಹೋಗುವವನಿದ್ದ. ಜೊತೆಗೆ ಯಾರೂ ಬರಬಾರದು ಅಂದಿದ್ದ. ನಾನೂ ಸನ್ನಾನೂ ನಲ್ಲಿಯ ಕಟ್ಟೆಯ ಹತ್ತಿರ ನಿಂತೆವು. ಅವನು ಗೇಟು ದಾಟಿದ. ಹಲಸಿನ ಮರದ ಹತ್ತಿರ ನಿಂತ. ತಿರುಗಿ ಬಂದುಬಿಡುತ್ತಾನೆ ಅಂದುಕೊಂಡೆ.

ಹಿಂದಿನಿಂದ ಯಶೋದಾ ಕರೆಯತೊಡಗಿದಳು. ಇಷ್ಟು ದಿನ ಬಾಗಿಲಿಗೆ ಒರಗಿ ಮೆಲ್ಲಗೆ ಹಾಡುತ್ತಿದ್ದವಳು ಇವತ್ತು ಅಂಗಳಕ್ಕಿಳಿದು ಗಂಟಲು ಬಿಚ್ಚಿದ್ದಳು. ಕಾಲೋನಿಯ ಹೆಂಗಸರೆಲ್ಲ ಹೊರಗೆ ಬಂದು ನೋಡಿದರು. ತೋಟದಲ್ಲಿ ಹಣ್ಣು ಕುಯ್ಯುತ್ತಿದ್ದವರೂ ಕೈ ನಿಲ್ಲಿಸಿದರು. ನಾನು ಅವಳಿಂದ ಹತ್ತು ಮಾರು ದೂರದಲ್ಲಿದ್ದೆ, ಅವಳು ನನ್ನ ಕಡೆ ಒಂದು ಸಲವೂ ನೋಡಲಿಲ್ಲ.

ಧರ್ಮೇಶ್ ಮೋರಿ ದಾಟಿದ. ಕಣ್ಣಿಗೆ ಕಾಣದಾದ. ಎಷ್ಟು ಹೊತ್ತು ಅಂತ ಹೇಳಲಾರೆ, ಸನ್ನಾ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಳು. ಯಶೋದಾಳ ದನಿ ಎರಡು ಸಲ ಅಳುವಿನಲ್ಲಿ ಸಿಕ್ಕಿಹಾಕಿಕೊಂಡಿತು, ಎರಡು ಸಲವೂ ಬಿಡಿಸಿಕೊಂಡಳು. ಆಮೇಲೆ ಮೋರಿಯ ಮೇಲೆ ಅವನ ತಲೆ ಕಂಡಿತು. ಓಡಲಿಲ್ಲ, ನಡೆದೇ ಬರುತ್ತಿದ್ದ. ನಲ್ಲಿಯ ಹತ್ತಿರ ನಮ್ಮನ್ನು ದಾಟುವಾಗ ಮುಖವೆಲ್ಲ ಬೆವರು, ಬಾಯಿ ತುಂಬ ನಗು. ಅಲ್ಲಿಂದಲೇ ಕೂಗಿದ.

"ಸಾಕು ನಿಲ್ಸೇ ಮಾರಾಯ್ತಿ, ಬಂದೆ!"

ಯಶೋದಾ ನಿಲ್ಲಿಸಲಿಲ್ಲ. ಅವನು ಹೊಸಿಲು ದಾಟಿ ಒಳಗೆ ಹೋಗುವ ತನಕ ಹಾಡಿದಳು.